ಡಿಕ್ಕಿ ಮತ್ತು ಪ್ರಾಯಶ್ಚಿತ್ತ: ದಂಡುಪ್ರದೇಶದಿಂದ ಕಂಡ ‘ಕ್ರ್ಯಾಶ್’

ಪಾಲ್ ಹ್ಯಾಗಿಸ್ ನಿರ್ದೇಶಿಸಿದ ‘ಕ್ರ್ಯಾಶ್’ ಚಲನಚಿತ್ರವು 2004ರ ಸೆಪ್ಟೆಂಬರಿನಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡು, ಮರುವರ್ಷ ಅಮೆರಿಕದ ಚಿತ್ರಮಂದಿರಗಳಿಗೆ ಬಂದಿತು. 2006ರ ಮಾರ್ಚಿನಲ್ಲಿ ಅದಕ್ಕೆ ಶ್ರೇಷ್ಠ ಚಿತ್ರ, ಮೂಲ ಚಿತ್ರಕಥೆ, ಸಂಕಲನ ಈ ಮೂರು ವಿಭಾಗಗಳಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ‘ಬ್ರೋಕ್‌ಬ್ಯಾಕ್ ಮೌಂಟನ್’ ಚಿತ್ರವನ್ನು ಹಿಂದಿಕ್ಕಿ ಇದು ಗೆದ್ದದ್ದು ಸರಿಯೇ ಎಂಬ ವಾದ ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಅದು ಆ ವರ್ಷದ ಅತ್ಯುತ್ತಮ ಚಿತ್ರವಾಗಿತ್ತೆಂದು ತಾವು ಭಾವಿಸುವುದಿಲ್ಲವೆಂದು ನಿರ್ದೇಶಕರೇ 2015ರಲ್ಲಿ ಒಪ್ಪಿಕೊಂಡರು. ಪ್ರಶಸ್ತಿಯ ಜಗಳ ಇಲ್ಲಿ ಮುಖ್ಯವಲ್ಲ. ಒಂದು ಮಹಾನಗರದಲ್ಲಿ ಬೇರೆ ಬೇರೆ ಬಣ್ಣದ, ಭಾಷೆಯ, ಮತದ ಜನ ಪರಸ್ಪರರ ಬಗ್ಗೆ ಇಟ್ಟುಕೊಂಡಿರುವ ಸಂಶಯವನ್ನೇ ವಸ್ತುವಾಗಿಸಿಕೊಂಡ ಈ ಚಿತ್ರವನ್ನು, ಬೆಂಗಳೂರಿನ ದಂಡುಪ್ರದೇಶದಲ್ಲಿ ಅಂಗಡಿ ಇಟ್ಟು, ಮನೆ ಬಾಡಿಗೆಗೆ ಕೊಟ್ಟು, ಮಕ್ಕಳನ್ನು ಅಲ್ಲಿಯ ಶಾಲೆಗಳಿಗೆ ಕಳಿಸುವ ಕುಟುಂಬಗಳು ಹೇಗೆ ನೋಡಬೇಕು ಎಂಬುದು ಪ್ರಸ್ತುತ ಪ್ರಶ್ನೆ.

ಹೋಲಿಕೆ ಬಲವಂತದ್ದಲ್ಲ. ಬೆಂಗಳೂರಿನ ಪೂರ್ವಭಾಗ ಹುಟ್ಟಿದ್ದೇ ಹೊರಗಿನಿಂದ ಬಂದವರಿಂದ. 1809ರಲ್ಲಿ ಬ್ರಿಟಿಷರು ಹಲಸೂರಿನ ಸುತ್ತ ತಮ್ಮ ದಂಡನ್ನು ನೆಲೆಗೊಳಿಸಿದಾಗ ಅದರ ಬೆನ್ನಿಗೆ ಮದರಾಸು ಸೀಮೆಯ ತಮಿಳು ಸಿಪಾಯಿಗಳು, ಗುತ್ತಿಗೆದಾರರು, ಅಡುಗೆಯವರು, ಅಗಸರು ಬಂದರು. ದಖನಿ ಮಾತನಾಡುವ ಮುಸಲ್ಮಾನ ವರ್ತಕರು, ತೆಲುಗರು, ಆಂಗ್ಲೋ ಇಂಡಿಯನ್ನರು, ಕಾಲಕ್ರಮದಲ್ಲಿ ಮಾರವಾಡಿ ಮತ್ತು ಗುಜರಾತಿ ವ್ಯಾಪಾರಸ್ಥರು ಸೇರಿದರು. 1881ರ ನಂತರ ಈ ಭಾಗ ಮೈಸೂರು ಅರಸರ ಕೈಗೆ ಬಾರದೆ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. ಪೇಟೆ ಒಂದು ರಾಜ್ಯ, ದಂಡು ಇನ್ನೊಂದು ರಾಜ್ಯ ಎಂಬಂತಹ ಸ್ಥಿತಿ ಮುಗಿದದ್ದು 1947ರಲ್ಲಿ. ಎರಡಕ್ಕೂ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಬಳಿಕ ದೂರವಾಣಿನಗರದ ಐಟಿಐ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಎಚ್‌ಎಎಲ್ ಮುಂತಾದ ಕಾರ್ಖಾನೆಗಳಿಗೆ ನಾನಾ ಪ್ರಾಂತದ ಕಾರ್ಮಿಕರು ಬಂದರು. ಬಿನ್ನಮಂಗಲದ ಹೊಲಗಳ ಮೇಲೆ ಇಂದಿರಾನಗರದ ಬಡಾವಣೆ ಎದ್ದಿತು. ಈಗ ಕೃಷ್ಣರಾಜಪುರದ ತೂಗುಸೇತುವೆಯ ಕೆಳಗೆ ಬೆಳಿಗ್ಗೆ ನಿಂತರೆ ಒರಿಯಾ, ಅಸ್ಸಾಮಿ, ಬಂಗಾಳಿ, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ.

ಚಿತ್ರದ ಕಥೆ ಲಾಸ್ ಏಂಜಲೀಸ್ ನಗರದಲ್ಲಿ, ಕ್ರಿಸ್‌ಮಸ್ ಆಸುಪಾಸಿನ ಒಂದೆರಡು ದಿನಗಳಲ್ಲಿ ನಡೆಯುತ್ತದೆ. ಒಬ್ಬ ನಾಯಕನಿಲ್ಲ. ಸರ್ಕಾರಿ ವಕೀಲನೊಬ್ಬನ ಮತ್ತು ಅವನ ಹೆಂಡತಿಯ ಕಾರನ್ನು ಇಬ್ಬರು ಕರಿಯ ಯುವಕರು ಪಿಸ್ತೂಲು ತೋರಿಸಿ ಕಸಿಯುತ್ತಾರೆ. (ನಿರ್ದೇಶಕರ ಸ್ವಂತ ಕಾರು 1991ರಲ್ಲಿ ಹೀಗೆಯೇ ಹೋಗಿತ್ತಂತೆ, ಕಸಿದವರು ಯಾರು, ಮನೆಗೆ ಹೋಗಿ ಏನು ಮಾಡಿದರು ಎಂಬ ಕುತೂಹಲವೇ ಕಥೆಯ ಬೀಜ.) ಅದೇ ರಾತ್ರಿ ಜಾನ್ ರಯಾನ್ ಎಂಬ ಬಿಳಿಯ ಪೊಲೀಸನು ಬೇರೊಂದು ಕಾರನ್ನು ತಡೆದು, ಅದರಲ್ಲಿದ್ದ ಸಿರಿವಂತ ಕರಿಯ ದಂಪತಿಯನ್ನು ಅವಮಾನಿಸುತ್ತಾನೆ, ತಪಾಸಣೆಯ ನೆಪದಲ್ಲಿ ಗಂಡನ ಕಣ್ಣೆದುರಿಗೇ ಹೆಂಡತಿಯ ಮಾನಕ್ಕೆ ಕೈ ಹಾಕುತ್ತಾನೆ. ಇರಾನಿನಿಂದ ವಲಸೆ ಬಂದ ಫರ್ಹಾದ್ ತನ್ನ ಸಣ್ಣ ಅಂಗಡಿಯ ರಕ್ಷಣೆಗೆಂದು ಪಿಸ್ತೂಲು ಕೊಳ್ಳುತ್ತಾನೆ. ಮೆಕ್ಸಿಕನ್ ಮೂಲದ ಡೇನಿಯಲ್ ಬೀಗ ಕೂರಿಸುವ ಕೆಲಸದವನು. ಗ್ರಹಾಂ ಎಂಬ ಕರಿಯ ಪತ್ತೇದಾರನಿಗೆ ದಾರಿತಪ್ಪಿದ ತಮ್ಮನೊಬ್ಬನಿದ್ದಾನೆ. ಇವರೆಲ್ಲ ಒಬ್ಬರ ದಾರಿಗೆ ಒಬ್ಬರು ಅಡ್ಡಬರುತ್ತ ಹೋಗುತ್ತಾರೆ. ಅಷ್ಟು ದೊಡ್ಡ ನಗರದಲ್ಲಿ ಅವರವರೇ ಇಷ್ಟು ಸಲ ಎದುರಾಗುವುದು ನಂಬಿಕೆಗೆ ದೂರವೆಂದು ಹಲವು ವಿಮರ್ಶಕರು ಆಕ್ಷೇಪಿಸಿದರು. ಯಕ್ಷಗಾನವನ್ನೂ ಪುರಾಣವನ್ನೂ ಕೇಳಿ ಬೆಳೆದ ಪ್ರೇಕ್ಷಕನಿಗೆ ಆಕಸ್ಮಿಕಗಳು ಅಷ್ಟು ಕಾಡಲಾರವು. ಚಿತ್ರದ ದೌರ್ಬಲ್ಯ ಬೇರೆ ಕಡೆ ಇದೆ.

ಮೊದಲು ಅದರ ಶಕ್ತಿಯನ್ನು ಹೇಳಬೇಕು. ಫರ್ಹಾದನ ಪ್ರಸಂಗ ಚಿತ್ರದ ಅತ್ಯುತ್ತಮ ಭಾಗ. ಬಾಗಿಲೇ ಕೆಟ್ಟಿದೆ, ಬೀಗ ಬದಲಿಸಿ ಪ್ರಯೋಜನವಿಲ್ಲವೆಂದು ಡೇನಿಯಲ್ ಪ್ರಾಮಾಣಿಕವಾಗಿ ತಿಳಿಸುತ್ತಾನೆ. ಇಂಗ್ಲಿಷು ಅರೆಬರೆ ಬಲ್ಲ ಫರ್ಹಾದನು ಇವನು ಮೋಸಗಾರನೆಂದು ಕೂಗಾಡಿ ಕಳಿಸುತ್ತಾನೆ. ರಾತ್ರಿ ಅಂಗಡಿಗೆ ದುಷ್ಕರ್ಮಿಗಳು ನುಗ್ಗಿ ಧ್ವಂಸ ಮಾಡುತ್ತಾರೆ. ಗೋಡೆಯ ಮೇಲೆ ಬರೆದು ಹೋದ ಬೈಗುಳ ಅರಬರನ್ನು ಕುರಿತದ್ದು. ಇರಾನಿಯೊಬ್ಬ ಅರಬನಲ್ಲ ಎಂಬ ಸಂಗತಿಯೂ ತಿಳಿಯದವರ ದ್ವೇಷಕ್ಕೆ ಅವನ ಜೀವನೋಪಾಯ ಬಲಿಯಾಗುತ್ತದೆ. ವಿಮಾ ಸಂಸ್ಥೆ ಪರಿಹಾರ ನಿರಾಕರಿಸುತ್ತದೆ. ಆಗ ಅವನು ತನಗೆ ಅನ್ಯಾಯ ಮಾಡಿದವರನ್ನು ಹುಡುಕುವುದಿಲ್ಲ, ಅವರು ಯಾರೆಂಬುದೇ ಅವನಿಗೆ ಗೊತ್ತಿಲ್ಲ. ವಿಳಾಸ ಗೊತ್ತಿರುವ ಒಬ್ಬನೇ ಒಬ್ಬನ ಮನೆಗೆ, ನಿರಪರಾಧಿ ಡೇನಿಯಲ್ಲನ ಮನೆಗೆ, ಪಿಸ್ತೂಲು ಹಿಡಿದು ಹೋಗುತ್ತಾನೆ.

ಬೆಂಗಳೂರಿನವರಿಗೆ ಈ ದೃಶ್ಯ ಅಪರಿಚಿತವಲ್ಲ. 2016ರ ಜನವರಿ 31ರ ರಾತ್ರಿ ನಗರದ ಉತ್ತರಕ್ಕೆ, ಹೆಸರಘಟ್ಟ ರಸ್ತೆಯ ಕಡೆ, ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹರಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಸ್ನೇಹಿತರೊಡನೆ ಇನ್ನೊಂದು ಕಾರಿನಲ್ಲಿ ಬಂದಳು. ಅಪಘಾತಕ್ಕೂ ಆಕೆಗೂ ಸಂಬಂಧವಿರಲಿಲ್ಲ, ದೇಶವೂ ಬೇರೆ. ಚರ್ಮದ ಬಣ್ಣವೊಂದನ್ನೇ ಸಾಕ್ಷ್ಯವಾಗಿಟ್ಟುಕೊಂಡ ಗುಂಪು ಆಕೆಯನ್ನು ಎಳೆದು ಹಲ್ಲೆ ಮಾಡಿ ಕಾರಿಗೆ ಬೆಂಕಿ ಹಚ್ಚಿತು. ಬಂಧನಗಳಾದವು, ಕೆಲವು ಪೊಲೀಸರ ಅಮಾನತೂ ಆಯಿತು. ಒಂದು ಡಿಕ್ಕಿಯಿಂದ ಆರಂಭವಾಗಿ ಗುರುತು ತಪ್ಪಿದ ಸೇಡಿನಲ್ಲಿ ಮುಗಿಯುವ ಈ ಘಟನೆಯನ್ನು ಯಾರಾದರೂ ಚಿತ್ರಕಥೆಯಲ್ಲಿ ಬರೆದಿದ್ದರೆ, ಇದು ತೀರ ಹೆಣೆದ ಕಥೆಯೆಂದು ವಿಮರ್ಶಕರು ಪಕ್ಕಕ್ಕಿಡುತ್ತಿದ್ದರೇನೋ. ಗುಂಪಿನಲ್ಲಿದ್ದವರೆಲ್ಲ ಮೊದಲಿನಿಂದ ಆಫ್ರಿಕದವರನ್ನು ದ್ವೇಷಿಸುತ್ತಿದ್ದ ದುಷ್ಟರಾಗಿರಬೇಕಿಲ್ಲ. ಕಣ್ಣೆದುರು ಒಂದು ಸಾವಾಗಿದೆ, ದುಃಖವಿದೆ, ಸಿಟ್ಟಿದೆ; ಸಿಟ್ಟಿಗೆ ಹತ್ತಿರದಲ್ಲಿ ಸಿಕ್ಕ ಮುಖ ಸಾಕಾಯಿತು. ಹ್ಯಾಗಿಸ್ ಈ ಯಂತ್ರವನ್ನು ಚೆನ್ನಾಗಿ ಅರಿತಿದ್ದಾರೆ.

ಆದರೆ ಆ ಯಂತ್ರವನ್ನು ನಿಲ್ಲಿಸುವ ಬಗೆಯಲ್ಲಿ ಚಿತ್ರ ಎಡವುತ್ತದೆ. ಫರ್ಹಾದ್ ಗುಂಡು ಹಾರಿಸುವ ಕ್ಷಣಕ್ಕೆ ಡೇನಿಯಲ್ಲನ ಪುಟ್ಟ ಮಗಳು ಓಡಿಬಂದು ತಂದೆಯನ್ನು ಅಪ್ಪಿಕೊಳ್ಳುತ್ತಾಳೆ. ಮಗುವಿಗೆ ಏನೂ ಆಗುವುದಿಲ್ಲ, ಏಕೆಂದರೆ ಫರ್ಹಾದನ ಮಗಳು ತಂದೆಗೆ ತಿಳಿಯದಂತೆ ಕೊಂಡುತಂದದ್ದು ಹುಸಿಗುಂಡುಗಳ ಪೆಟ್ಟಿಗೆ. ಫರ್ಹಾದನು ಆ ಮಗುವನ್ನು ತನ್ನನ್ನು ಕಾಪಾಡಲು ಬಂದ ದೇವದೂತೆಯೆಂದು ನಂಬಿ ಶಾಂತನಾಗುತ್ತಾನೆ. ಪ್ರೇಕ್ಷಕ ನಿಟ್ಟುಸಿರು ಬಿಡುತ್ತಾನೆ. ದೃಶ್ಯ ಕಣ್ಣೀರು ತರಿಸುತ್ತದೆ ಎಂಬುದು ನಿಜ. ಆದರೆ ಅವನು ಡೇನಿಯಲ್ಲನ ಕ್ಷಮೆ ಕೇಳಿದನೇ? ಕೊಲ್ಲಲೆಂದೇ ಬೆರಳು ಒತ್ತಿದವನ ಮನಸ್ಸಿನಲ್ಲಿ ಹಿಂಸೆ ನಡೆದುಹೋಗಿದೆ. ಗುಂಡು ಹುಸಿಯಾದದ್ದರಲ್ಲಿ ಅವನ ಪಾಲು ಏನೂ ಇಲ್ಲ. ಚಿತ್ರ ಈ ವ್ಯತ್ಯಾಸವನ್ನು ಗಮನಿಸುವುದೇ ಇಲ್ಲ.

ಪೊಲೀಸ್ ರಯಾನನ ವಿಷಯದಲ್ಲಿ ಇದು ಇನ್ನೂ ಗಂಭೀರ. ಮರುದಿನ ಹೆದ್ದಾರಿಯಲ್ಲಿ ಕಾರೊಂದು ಮಗುಚಿ ಬಿದ್ದಿದೆ, ಪೆಟ್ರೋಲು ಸೋರುತ್ತಿದೆ. ಒಳಗೆ ಸಿಕ್ಕಿಬಿದ್ದವಳು ಹಿಂದಿನ ರಾತ್ರಿ ಅವನಿಂದ ಅಪಮಾನಿತಳಾದ ಕ್ರಿಸ್ಟೀನ್. ಅವನನ್ನು ಕಂಡೊಡನೆ ಆಕೆ ಭಯದಿಂದ ಚೀರುತ್ತಾಳೆ. ತನ್ನನ್ನು ಮುಟ್ಟಬೇಡವೆಂದು ಅಂಗಲಾಚುತ್ತಾಳೆ. ಅವನು ಪ್ರಾಣದ ಹಂಗು ತೊರೆದು ಅವಳನ್ನು ಹೊರಗೆಳೆಯುತ್ತಾನೆ. ಕಾರು ಹೊತ್ತಿ ಉರಿಯುತ್ತದೆ. ಮ್ಯಾಟ್ ಡಿಲನ್ ಮತ್ತು ಥ್ಯಾಂಡಿ ನ್ಯೂಟನ್ ಇಬ್ಬರ ಅಭಿನಯವೂ ಇಲ್ಲಿ ಅಸಾಧಾರಣ. ಅದರ ಹಿಂದೆಯೇ ಸಂಗೀತ ಏರುತ್ತದೆ, ಚಲನೆ ನಿಧಾನವಾಗುತ್ತದೆ, ಲೆಕ್ಕ ಚುಕ್ತಾ ಆಯಿತೆಂಬ ಭಾವನೆಯನ್ನು ನಿರ್ದೇಶಕರು ಪ್ರೇಕ್ಷಕನ ಮೇಲೆ ಹೇರುತ್ತಾರೆ. ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಆಲೋಚನೆ, ಎಂದರೆ ಮಾಡಿದ ದೋಷವನ್ನು ಮರೆಮಾಚದೆ ತಾನೇ ಬಾಯಿಬಿಟ್ಟು ಹೇಳಿಕೊಳ್ಳುವುದು, ಎಂಬುದು ಇಲ್ಲಿಯ ಓದುಗರಿಗೆ ಹೊಸದಲ್ಲ. ರಯಾನ್ ಒಂದು ಮಾತನ್ನೂ ಹೇಳಿಕೊಳ್ಳುವುದಿಲ್ಲ. ಹಾಗೆ ನೋಡಿದರೆ ಅವನು ಮಾಡಿದ್ದು ಅವನ ಕರ್ತವ್ಯ, ಅದಕ್ಕೆ ಅವನಿಗೆ ಸಂಬಳವಿದೆ. ಒಳ್ಳೆಯ ಕೆಲಸವೊಂದು ಹಿಂದಿನ ಕೆಟ್ಟ ಕೆಲಸವನ್ನು ತಾನಾಗಿ ಅಳಿಸುತ್ತದೆಂಬ ಲೆಕ್ಕ ವ್ಯಾಪಾರದ ಖಾತೆಯಲ್ಲಿ ನಡೆಯಬಹುದು. ಅಪಮಾನಿತಳಾದವಳ ಖಾತೆಯಲ್ಲಿ ಅದು ನಡೆಯದು. ಆಕೆ ತನ್ನ ಪ್ರಾಣಕ್ಕಾಗಿ ಅದೇ ಕೈಗಳನ್ನು ಹಿಡಿಯಬೇಕಾಗಿ ಬಂದದ್ದು ಅಪಮಾನದ ಎರಡನೆಯ ಕಂತು ಎಂದೂ ಹೇಳಬಹುದು. ರಯಾನನ ಕಿರಿಯ ಜೊತೆಗಾರ ಹ್ಯಾನ್ಸನ್ ಕಥೆ ಇದಕ್ಕೆ ತಿರುಗುಮುರುಗು. ಅವನು ನ್ಯಾಯವಂತ, ಹಿರಿಯನ ವರ್ತನೆಗೆ ಅಸಹ್ಯಪಟ್ಟು ದೂರು ಕೊಡಲು ಹೋದವನು; ಕೊನೆಗೆ ಕಾರಿನಲ್ಲಿ ಕೂರಿಸಿಕೊಂಡ ಕರಿಯ ಯುವಕ ಜೇಬಿಗೆ ಕೈ ಹಾಕಿದ್ದನ್ನು ಕಂಡು ಹೆದರಿ ಅವನನ್ನು ಕೊಲ್ಲುತ್ತಾನೆ. ಆ ಕೈಯಲ್ಲಿದ್ದದ್ದು ಸಂತರೊಬ್ಬರ ಪುಟ್ಟ ಮೂರ್ತಿ. ಈ ಸಾವಿಗೆ ಚಿತ್ರ ಯಾವ ಸಮಾಧಾನವನ್ನೂ ಒದಗಿಸುವುದಿಲ್ಲ. ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ.

ಇನ್ನೊಂದು ಆಕ್ಷೇಪವಿದೆ, ಅದು ದಂಡುಪ್ರದೇಶದ ಗೃಹಸ್ಥರಿಗೆ ನೇರವಾಗಿ ತಟ್ಟುವಂಥದ್ದು. ‘ಕ್ರ್ಯಾಶ್’ ಚಿತ್ರದಲ್ಲಿ ಪ್ರತಿಯೊಬ್ಬನೂ ತನ್ನ ದ್ವೇಷವನ್ನು ಬಾಯಿತುಂಬ ಬೈದು ತೋರಿಸುತ್ತಾನೆ. ಕಾರು ತಾಗಿದರೆ ಜಾತಿ ಎತ್ತಿ ಬೈಗುಳ, ದೂರವಾಣಿಯಲ್ಲಿ ಬೈಗುಳ, ಅಂಗಡಿಯಲ್ಲಿ ಬೈಗುಳ. ನಿಜವಾದ ನಗರಗಳಲ್ಲಿ ಪೂರ್ವಗ್ರಹ ಇಷ್ಟು ಮಾತಾಡುವುದಿಲ್ಲ. ಇಂದಿರಾನಗರದಲ್ಲೋ ಕಾಕ್ಸ್‌ಟೌನಿನಲ್ಲೋ ಬಾಡಿಗೆಗೆ ಮನೆ ಕೇಳಿಕೊಂಡು ಬಂದವರ ಹೆಸರು ಕೇಳಿದ ಮೇಲೆ ‘ನಿನ್ನೆಯೇ ಒಬ್ಬರು ಮುಂಗಡ ಕೊಟ್ಟು ಹೋದರಲ್ಲ’ ಎಂದು ಹೇಳುವ ಧ್ವನಿ ಎಷ್ಟು ಸೌಜನ್ಯದ್ದು! ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ಮನೆಯ ಆಚಾರವನ್ನು ಕಾಪಾಡಲು ಇಟ್ಟದ್ದೆಂದು ಹೇಳಲಾಗುತ್ತದೆ, ಬಹಳ ಮನೆಗಳಲ್ಲಿ ಅದು ನಿಜವೂ ಹೌದು. ಆದರೆ ಅಡುಗೆಮನೆಯ ಕಟ್ಟುಪಾಡಿಗೆ ಒಪ್ಪಿದ ನಾಗಾ ಹುಡುಗಿಗೂ, ಮಾಂಸ ಮುಟ್ಟದ ಮುಸಲ್ಮಾನ ಗುಮಾಸ್ತನಿಗೂ ಅದೇ ಫಲಕ ಬಾಗಿಲು ಹಾಕಿದಾಗ ಅಲ್ಲಿ ಆಹಾರದ ಪ್ರಶ್ನೆ ಮುಗಿದು ಬೇರೇನೋ ಶುರುವಾಗಿರುತ್ತದೆ. ಮಳಿಗೆಗಳನ್ನೂ ವಠಾರಗಳನ್ನೂ ಬಾಡಿಗೆಗೆ ಕೊಡುವ ದೇವಸ್ಥಾನದ ಟ್ರಸ್ಟುಗಳ ಸಭೆಗಳಲ್ಲಿ ಈ ವ್ಯತ್ಯಾಸ ಎಷ್ಟು ಸಲ ಚರ್ಚೆಗೆ ಬಂದಿದೆಯೋ ಅವರೇ ಬಲ್ಲರು. ಹ್ಯಾಗಿಸ್ ಅವರ ಕ್ಯಾಮೆರಾ ಇಂತಹ ಮೆಲುದನಿಯ ನಿರಾಕರಣೆಯ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಬ್ಬರವಿಲ್ಲದ ಕಡೆ ಅದಕ್ಕೆ ತಾಳ್ಮೆ ಕಡಿಮೆ.

ಇದೇ ವಸ್ತುವಿನ ಮೇಲೆ ಸ್ಪೈಕ್ ಲೀ 1989ರಲ್ಲಿ ತೆಗೆದ ‘ಡೂ ದ ರೈಟ್ ಥಿಂಗ್’ ಹೆಚ್ಚು ಗಟ್ಟಿಯಾದ ಕೃತಿ. ಅಲ್ಲಿ ಇಡೀ ನಗರವಿಲ್ಲ, ಬ್ರೂಕ್ಲಿನ್ನಿನ ಒಂದು ಬೀದಿ ಇದೆ, ಬೇಸಿಗೆಯ ಒಂದು ಸುಡುದಿನವಿದೆ. ಇಟಾಲಿಯನ್ ಮೂಲದ ಸಾಲ್ ಎಂಬವನ ಪಿಜ್ಜಾ ಅಂಗಡಿಗೆ ಬರುವ ಗಿರಾಕಿಗಳೆಲ್ಲ ಕರಿಯರು. ಆದರೆ ಗೋಡೆಯ ಮೇಲಿರುವುದು ಇಟಾಲಿಯನ್ ಪ್ರಸಿದ್ಧರ ಭಾವಚಿತ್ರಗಳು ಮಾತ್ರ. ನಮ್ಮವರ ಚಿತ್ರವೂ ಇರಲಿ ಎಂಬ ಬೇಡಿಕೆಯಿಂದ ಜಗಳ ಹುಟ್ಟಿ, ಸಂಜೆಯ ಹೊತ್ತಿಗೆ ಪೊಲೀಸರ ಕೈಯಲ್ಲಿ ಒಬ್ಬ ಯುವಕನ ಉಸಿರು ನಿಂತು, ರಾತ್ರಿ ಅಂಗಡಿ ಬೆಂಕಿಗೆ ಆಹುತಿಯಾಗುತ್ತದೆ. ದ್ವೇಷ ಮನುಷ್ಯರ ಎದೆಯಲ್ಲಿ ಮಾತ್ರವಲ್ಲ, ಗೋಡೆಯಲ್ಲಿ, ಬೀದಿಯ ಮಾಲಿಕತ್ವದಲ್ಲಿ, ಯಾರ ಚಿತ್ರಕ್ಕೆ ಎಲ್ಲಿ ಜಾಗ ಎಂಬುದರಲ್ಲಿ ಇರುತ್ತದೆಂದು ಲೀ ಬಲ್ಲರು.

ಯಾರ ಮೂರ್ತಿಗೆ ಎಲ್ಲಿ ಜಾಗ ಎಂಬ ಪ್ರಶ್ನೆ ಹಲಸೂರಿಗೂ ಹೊಸದಲ್ಲ. ಬೆಂಗಳೂರು ತಮಿಳು ಸಂಘದವರು ಹಲಸೂರು ಕೆರೆಯ ಬಳಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ 1991ರಿಂದ ಹದಿನೆಂಟು ವರ್ಷ ಮುಸುಕು ಹೊದ್ದೇ ನಿಂತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ರಾಜ್ಯಪತ್ರದಲ್ಲಿ ಪ್ರಕಟವಾದೊಡನೆ ನಗರದಲ್ಲಿ ತಮಿಳರ ಮೇಲೆ ದಾಳಿಗಳಾಗಿ, ಪ್ರಾಣಹಾನಿಯೂ ಆಗಿ, ಸಾವಿರಾರು ಜನ ಊರು ಬಿಟ್ಟರು. ನದಿಯ ನೀರಿನ ಲೆಕ್ಕಕ್ಕೂ, ಮೂರು ತಲೆಮಾರಿನಿಂದ ಇದೇ ನಗರದ ನೀರು ಕುಡಿಯುತ್ತಿದ್ದ ಕೂಲಿಕಾರನಿಗೂ ಏನು ಸಂಬಂಧ? 1994ರ ಅಕ್ಟೋಬರಿನಲ್ಲಿ ದೂರದರ್ಶನದ ಬೆಂಗಳೂರು ಕೇಂದ್ರ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿದ್ದರಿಂದ ಎದ್ದ ಗಲಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಪ್ರತಿಮೆಯ ಮುಸುಕು ತೆರೆದದ್ದು 2009ರ ಆಗಸ್ಟ್ 9ರಂದು, ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಸಮ್ಮುಖದಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿಯವರ ಕೈಯಿಂದ. ನಾಲ್ಕು ದಿನಗಳ ನಂತರ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಅದರ ಹಿಂದೆ ರಾಜಕೀಯದ ಲೆಕ್ಕಾಚಾರವಿತ್ತೆಂದು ಆಗ ಟೀಕಿಸಿದವರಿದ್ದರು. ಇದ್ದಿರಬಹುದು. ಆದರೂ ಎರಡು ಸರ್ಕಾರಗಳು ಮಾತಾಡಿ, ಕೊಟ್ಟು ತೆಗೆದುಕೊಂಡು ಮಾಡಿದ ಆ ಕೆಲಸದಲ್ಲಿ ‘ಕ್ರ್ಯಾಶ್’ ಚಿತ್ರಕ್ಕೆ ಕಾಣದ ಒಂದು ದಾರಿ ಇದೆ. ಚಿತ್ರದಲ್ಲಿ ಜನರನ್ನು ಹತ್ತಿರ ತರುವುದು ಅಪಘಾತ. ಇಲ್ಲಿ ತಂದದ್ದು ಬೇಸರದ, ದೀರ್ಘವಾದ ಮಾತುಕತೆ.

ಸಂಸ್ಥೆಗಳ ಪಾತ್ರವನ್ನು ಚಿತ್ರ ಒಂದೇ ಎಳೆಯಲ್ಲಿ ಮುಟ್ಟುತ್ತದೆ. ಸರ್ಕಾರಿ ವಕೀಲನಿಗೆ ಕರಿಯರ ಮತ ಬೇಕು. ಅದಕ್ಕಾಗಿ ಪೊಲೀಸ್ ಪ್ರಕರಣವೊಂದರ ಸತ್ಯವನ್ನು ಅಡಗಿಸಬೇಕು. ಅಡಗಿಸಿದರೆ ಪತ್ತೇದಾರ ಗ್ರಹಾಂನ ತಮ್ಮನ ಮೇಲಿನ ಮೊಕದ್ದಮೆ ಹೋಗುತ್ತದೆ. ಗ್ರಹಾಂ ಒಪ್ಪುತ್ತಾನೆ. ಡಾನ್ ಚೀಡಲ್ ಅವರ ಮುಖದಲ್ಲಿ ಆ ಒಪ್ಪಿಗೆಯ ಭಾರ ಕಾಣುತ್ತದೆ. ಚಿತ್ರ ಇಲ್ಲಿ ನಿಂತಿದ್ದರೆ ಎಷ್ಟು ಆಳಕ್ಕೆ ಹೋಗಬಹುದಿತ್ತು! ಹೋಗುವುದಿಲ್ಲ. 1992ರಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದದ್ದು ಜನ ಪರಸ್ಪರ ಬೈದುಕೊಂಡಿದ್ದರಿಂದಲ್ಲ, ರಾಡ್ನಿ ಕಿಂಗ್‌ನನ್ನು ಬಡಿದ ಪೊಲೀಸರನ್ನು ನ್ಯಾಯಾಲಯ ಬಿಟ್ಟುಕಳಿಸಿದ್ದರಿಂದ. ಹಾಗೆಯೇ 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಗುವಾಹಟಿಯ ರೈಲು ಹಿಡಿದು ಬೆಂಗಳೂರು ತೊರೆದದ್ದು ಯಾರೋ ಡಿಕ್ಕಿ ಹೊಡೆದದ್ದರಿಂದಲ್ಲ. ಮೊಬೈಲಿನಲ್ಲಿ ಹರಡಿದ ವದಂತಿಯಿಂದ. ರಗಳೆ ಎಷ್ಟಾಯಿತೆಂದರೆ ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಒಟ್ಟಿಗೆ ಕಳಿಸಬಾರದೆಂದು ಕೇಂದ್ರ ಸರ್ಕಾರ ಕೆಲವು ದಿನ ನಿರ್ಬಂಧ ಹೇರಬೇಕಾಯಿತು. 2020ರ ಆಗಸ್ಟ್ 11ರಂದು ಡಿ.ಜೆ. ಹಳ್ಳಿಯಲ್ಲಿ ಬೆಂಕಿ ಎದ್ದದ್ದೂ ಸಾಮಾಜಿಕ ಜಾಲತಾಣದ ಒಂದು ಬರಹದಿಂದ. ಅದೇ ರಾತ್ರಿ ಆಂಜನೇಯನ ಗುಡಿಯೊಂದಕ್ಕೆ ಹಾನಿಯಾಗದಂತೆ ಮುಸಲ್ಮಾನ ಯುವಕರು ಕೈಕೈ ಹಿಡಿದು ಸುತ್ತ ನಿಂತರು. ಅವರನ್ನು ಹಾಗೆ ನಿಲ್ಲುವಂತೆ ಮಾಡಿದ್ದು ಏನು ಎಂಬುದು ಒಳ್ಳೆಯ ಚಿತ್ರವೊಂದಕ್ಕೆ ತಕ್ಕ ವಸ್ತು.

ಅಂತಹ ಚಿತ್ರ ಕನ್ನಡದಲ್ಲಿ ಇನ್ನೂ ಬರಬೇಕಾಗಿದೆ. ಪನ್ನಗ ಭರಣ ನಿರ್ದೇಶಿಸಿ 2020ರಲ್ಲಿ ಬಿಡುಗಡೆಯಾದ ‘ಫ್ರೆಂಚ್ ಬಿರಿಯಾನಿ’ ಶಿವಾಜಿನಗರದ ಆಟೋ ಚಾಲಕ ಅಸ್ಗರ್ ಮತ್ತು ಫ್ರಾನ್ಸಿನಿಂದ ಬಂದ ಅತಿಥಿಯೊಬ್ಬನ ಸುತ್ತ ಹೆಣೆದ ಹಾಸ್ಯಚಿತ್ರ. ದಖನಿ, ತಮಿಳು, ಇಂಗ್ಲಿಷು ಬೆರೆತ ಅಲ್ಲಿಯ ಕನ್ನಡವನ್ನು ಅದು ತಿದ್ದದೆ, ನಾಚದೆ ತೆರೆಗೆ ತಂದಿತು. ಆ ಭಾಷೆಯನ್ನು ಅಪಭ್ರಷ್ಟವೆಂದು ಮೂಗು ಮುರಿಯುವವರಿಗೆ ಅದರಿಂದ ಕೊಂಚ ಉಪಕಾರವಾಗಿರಬೇಕು. ಆದರೆ ನಗೆಯ ವೇಗದಲ್ಲಿ ಗಾಯಗಳ ಕಡೆ ನೋಡಲು ಅದಕ್ಕೆ ಬಿಡುವಿಲ್ಲ, ಆ ಉದ್ದೇಶವೂ ಅದಕ್ಕಿರಲಿಲ್ಲ.

‘ಕ್ರ್ಯಾಶ್’ ಚಿಕ್ಕ ಮಕ್ಕಳೊಡನೆ ಕುಳಿತು ನೋಡುವ ಚಿತ್ರವಲ್ಲ. ಅದರ ಭಾಷೆ ಒರಟು, ಪೊಲೀಸ್ ತಪಾಸಣೆಯ ದೃಶ್ಯ ಹಿರಿಯರಿಗೂ ಸಹಿಸಲು ಕಷ್ಟ. ಕಾಲೇಜಿಗೆ ಹೋಗುವ ಮಕ್ಕಳೊಡನೆ ನೋಡುವವರು ಅಪ್ಪುಗೆ ಮತ್ತು ಬೆಂಕಿಯ ದೃಶ್ಯಗಳ ಬಗ್ಗೆ ಮಾತಾಡುವುದಕ್ಕಿಂತ ಮೊದಲ ಅರ್ಧಗಂಟೆಯಲ್ಲಿ ಬರುವ ಪುಟ್ಟ ದೃಶ್ಯವೊಂದರ ಬಗ್ಗೆ ಮಾತಾಡುವುದು ಲೇಸು. ಕಾರು ಕಳೆದುಕೊಂಡ ವಕೀಲನ ಮನೆಗೆ ಡೇನಿಯಲ್ ರಾತ್ರೋರಾತ್ರಿ ಬೀಗ ಬದಲಿಸಲು ಬಂದಿದ್ದಾನೆ. ಅವನ ಬೋಳಿಸಿದ ತಲೆಯನ್ನೂ ಹಚ್ಚೆಗಳನ್ನೂ ಕಂಡ ಮನೆಯೊಡತಿ, ಇವನು ಕೀಲಿಗಳನ್ನು ಕಳ್ಳರಿಗೆ ಮಾರುತ್ತಾನೆ, ಬೆಳಿಗ್ಗೆ ಮತ್ತೆ ಎಲ್ಲ ಬೀಗಗಳನ್ನೂ ಬದಲಿಸಬೇಕು ಎಂದು ಅವನಿಗೆ ಕೇಳಿಸುವಂತೆಯೇ ಗಂಡನಿಗೆ ಹೇಳುತ್ತಾಳೆ. ಗಂಡನಿಗೆ ಆ ಮಾತಿಗಿಂತ ನಾಳೆಯ ಪತ್ರಿಕೆಯ ಚಿಂತೆ. ಡೇನಿಯಲ್ ಕೆಲಸ ಮುಗಿಸುತ್ತಾನೆ. ಎದುರುತ್ತರ ಕೊಡುವುದಿಲ್ಲ. ಹೊರಡುವಾಗ ಕೀಲಿಗಳ ಎರಡೂ ಗೊಂಚಲನ್ನು ಆಕೆಯ ಮುಂದೆ ಮೇಜಿನ ಮೇಲಿಟ್ಟು ಹೋಗುತ್ತಾನೆ.